ನಕ್ಷೆಯ ಮೇಲಿನ ಚುಕ್ಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಸಂಜೆ ಬಸ್ಸಿಳಿದು ಮನೆ ಸೇರಿ ಕೈಚೀಲ ತೆರೆದಾಗ ನನ್ನ ಆಂಡ್ರಾಯ್ಡ್ ಫೋನ್ ಅದರಲ್ಲಿರಲಿಲ್ಲ. ಸೀಟಿನ ಮೇಲೆ ಬಿಟ್ಟು ಬಂದೆನೋ, ಇಳಿಯುವ ನೂಕುನುಗ್ಗಲಿನಲ್ಲಿ ಯಾರಾದರೂ ಎತ್ತಿಕೊಂಡರೋ ತಿಳಿಯದು. ಕರೆ ಮಾಡಿದರೆ ‘ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಎಂಬ ಧ್ವನಿಯಷ್ಟೇ ಬರುತ್ತಿತ್ತು. ರಾತ್ರಿ 7:40ಕ್ಕೆ ತಮ್ಮನ ಫೋನಿನಲ್ಲಿ ನನ್ನ ಗೂಗಲ್ ಖಾತೆಗೆ ಲಾಗಿನ್ ಆಗಿ ಕಳೆದ ಫೋನನ್ನು ನಕ್ಷೆಯಲ್ಲಿ ತೋರಿಸುವ ಫೈಂಡ್ ಹಬ್ ತೆರೆದೆ. ಬಸ್ಸು ಸಾಗುವ ಮುಖ್ಯರಸ್ತೆಯ ನಟ್ಟನಡುವೆ ಒಂದು ಚುಕ್ಕೆಯೂ, ಕೊನೆಯದಾಗಿ ಕಂಡದ್ದು 6:52ಕ್ಕೆ ಎಂಬ ಸಾಲೂ ಕಾಣಿಸಿದವು. ರಾತ್ರಿಯಿಡೀ ಅದು ಅಲ್ಲಿಂದ ಕದಲಲಿಲ್ಲ.

ಮರುದಿನ ಬೆಳಿಗ್ಗೆ 9:10ಕ್ಕೆ ಚುಕ್ಕೆ ನಾಲ್ಕು ಅಂತಸ್ತಿನ ಒಂದು ಕಟ್ಟಡದ ಮೇಲೆ ಬಂದು ಕೂತಿತು. ಅರ್ಧ ಗಂಟೆಯ ನಂತರ ಅಲ್ಲಿಂದ ಸುಮಾರು 400 ಮೀಟರ್ ದೂರದ ಆಟದ ಮೈದಾನದಲ್ಲಿ ಕಂಡಿತು. ಮಧ್ಯಾಹ್ನ ಮತ್ತೆ ಅದೇ ಕಟ್ಟಡಕ್ಕೆ ಮರಳಿತು. ನಾನು ಹೋಗಿ ಆ ಕಟ್ಟಡದ ಗೇಟಿನ ಮುಂದೆ ಹತ್ತು ನಿಮಿಷ ನಿಂತೆ. ಹದಿನಾರು ಮನೆಗಳ ಕರೆಗಂಟೆಗಳು ಸಾಲಾಗಿದ್ದವು. ಯಾವುದನ್ನು ಒತ್ತುವುದು, ಒತ್ತಿ ಏನೆಂದು ಕೇಳುವುದು ಎಂದು ತೋಚದೆ ಹಿಂದಿರುಗಿದೆ.

ಫೋನ್ ನಿಜವಾಗಿಯೂ ಮೈದಾನಕ್ಕೆ ಹೋಗಿ ಬಂದಿತೇ, ಅಥವಾ ಚುಕ್ಕೆ ಮಾತ್ರ ಅಲೆದಾಡಿತೇ? ಫೋನಿನ ಬೆಲೆಯ ಚಿಂತೆ ನನಗಿಲ್ಲ. ಎರಡು ವರ್ಷಗಳಲ್ಲಿ ಮಗಳ ಚಿತ್ರಗಳನ್ನು ತೆಗೆದದ್ದೆಲ್ಲ ಅದರಲ್ಲೇ ಇದೆ, ಬೇರೆಡೆ ಉಳಿಸಿಕೊಂಡಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಿಮ್ಮ ಆತಂಕ ಅರ್ಥವಾಗುತ್ತದೆ. ನಾನು ಹಲವು ವರ್ಷಗಳಿಂದ ಮೊಬೈಲ್ ತಂತ್ರಾಂಶದ ಕೆಲಸ ಮಾಡುತ್ತಿರುವುದರಿಂದ ತಿಳಿದಷ್ಟನ್ನು ಹೇಳುತ್ತೇನೆ. ಫೋನ್ ಮೈದಾನಕ್ಕೆ ಹೋಗಿರಲಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ.

ಚುಕ್ಕೆ ಯಾವಾಗಲೂ ಒಂದೇ ಬಗೆಯ ಅಳತೆಯಿಂದ ಹುಟ್ಟುವುದಿಲ್ಲ. ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಎಷ್ಟು ಕ್ಷೀಣವಾಗಿರುತ್ತದೆಂದರೆ ಒಂದು ಕಾಂಕ್ರೀಟ್ ತಾರಸಿಯೇ ಅದನ್ನು ತಡೆಯಬಲ್ಲದು. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ ಸಾಧಾರಣ ಸ್ಮಾರ್ಟ್‌ಫೋನ್ ಸುಮಾರು 5 ಮೀಟರ್‌ನಷ್ಟು ಹತ್ತಿರದ ಸ್ಥಳವನ್ನು ಹೇಳುತ್ತದೆ. ಮನೆಯೊಳಗೆ, ಚೀಲದೊಳಗೆ ಈ ನಿಖರತೆಯನ್ನು ನಿರೀಕ್ಷಿಸುವಂತಿಲ್ಲ. ಆಗ ಫೋನ್ ಸುತ್ತಮುತ್ತ ಕೇಳಿಸುವ ವೈಫೈ ರೂಟರ್‌ಗಳ ಗುರುತಿನ ಸಂಖ್ಯೆಗಳನ್ನೂ ಅವುಗಳ ಸಂಕೇತ ಎಷ್ಟು ಬಲವಾಗಿದೆ ಎಂಬುದನ್ನೂ ಗಮನಿಸುತ್ತದೆ. ಯಾವ ರೂಟರ್ ಎಲ್ಲಿದೆ ಎಂಬ ದೊಡ್ಡ ದಾಖಲೆಯೊಂದನ್ನು ಕಂಪನಿಗಳು ಇಟ್ಟುಕೊಂಡಿರುತ್ತವೆ. ಅದರೊಂದಿಗೆ ಹೋಲಿಸಿ ಕೆಲವು ಹತ್ತು ಮೀಟರ್‌ಗಳ ಅಂತರದಲ್ಲಿ ಸ್ಥಳವನ್ನು ಊಹಿಸಲಾಗುತ್ತದೆ. ಯಾರಾದರೂ ಮನೆ ಬದಲಿಸಿ ರೂಟರನ್ನು ಜೊತೆಗೆ ಒಯ್ದಿದ್ದರೆ, ದಾಖಲೆ ಪರಿಷ್ಕಾರವಾಗುವ ತನಕ ಚುಕ್ಕೆ ಅವರ ಹಳೆಯ ಮನೆಯತ್ತ ಬೆರಳು ತೋರಿಸುವುದೂ ಉಂಟು. ವೈಫೈ ಕೂಡ ಸಿಗದಿದ್ದರೆ ಉಳಿಯುವುದು ಮೊಬೈಲ್ ಟವರ್ ಮಾತ್ರ. ಟವರ್‌ಗಳು ಒತ್ತೊತ್ತಾಗಿರುವಲ್ಲಿ ಅದರ ಲೆಕ್ಕ ಕೆಲವು ನೂರು ಮೀಟರ್ ತಪ್ಪಬಹುದು, ವಿರಳವಾಗಿರುವಲ್ಲಿ ಹಲವು ಕಿಲೋಮೀಟರ್.

ಆದ್ದರಿಂದ ಚುಕ್ಕೆಗಿಂತ ಅದರ ಸುತ್ತ ತಿಳಿಬಣ್ಣದಲ್ಲಿ ಕಾಣುವ ವರ್ತುಲವನ್ನು ಗಮನಿಸಿ. ಕಟ್ಟಡದ ಮೇಲೆ ಚುಕ್ಕೆ ಇದ್ದಾಗ ವರ್ತುಲ ಎಷ್ಟು ದೊಡ್ಡದಿತ್ತು, ಮೈದಾನದಲ್ಲಿದ್ದಾಗ ಎಷ್ಟಿತ್ತು? ನಕ್ಷೆಯ ಮೂಲೆಯಲ್ಲಿರುವ ಅಳತೆಪಟ್ಟಿಯಿಂದ ಅಂದಾಜು ಮಾಡಿ ತಿಳಿಸಿದರೆ ಉಳಿದದ್ದನ್ನು ಹೇಳಬಹುದು. ಅಷ್ಟರಲ್ಲಿ ಒಂದು ಕೆಲಸವನ್ನು ತಪ್ಪದೆ ಮಾಡಿ: ಫೈಂಡ್ ಹಬ್‌ನಲ್ಲಿ ಫೋನ್ ಕಳೆದಿದೆ ಎಂದು ಗುರುತು ಮಾಡಿ ಲಾಕ್ ಮಾಡಿ, ಪರದೆಯ ಮೇಲೆ ಕಾಣಿಸುವಂತೆ ಒಂದು ಸಂದೇಶವನ್ನೂ ತಮ್ಮನ ಸಂಖ್ಯೆಯನ್ನೂ ಹಾಕಿ. ದತ್ತಾಂಶ ಅಳಿಸುವ ಗುಂಡಿಯನ್ನು ಮಾತ್ರ ಈಗ ಮುಟ್ಟಬೇಡಿ. ಅಳಿಸಿದ ಮೇಲೆ ಆಂಡ್ರಾಯ್ಡ್ ಫೋನಿನ ಸ್ಥಳ ಇದರಲ್ಲಿ ಕಾಣುವುದಿಲ್ಲ. ನಿಮ್ಮ ಚಿತ್ರಗಳೂ ಹೋದಂತೆಯೇ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಸಂದೇಶವನ್ನೂ ಸಂಖ್ಯೆಯನ್ನೂ ಹಾಕಿದ್ದೇನೆ. ಪ್ರತಿ ಸಲವೂ ಪರದೆಯ ಚಿತ್ರ ತೆಗೆದಿಟ್ಟುಕೊಂಡಿದ್ದೆನಾದ್ದರಿಂದ ಅಳೆಯಲು ಸಾಧ್ಯವಾಯಿತು. ಕಟ್ಟಡದ ಮೇಲಿದ್ದಾಗ ವರ್ತುಲದ ತ್ರಿಜ್ಯ ಎರಡು ಸಲವೂ ಸುಮಾರು 25 ಮೀಟರ್. ಮೈದಾನದ್ದು ಸುಮಾರು 900 ಮೀಟರ್. ಅದರೊಳಗೆ ಈ ಕಟ್ಟಡವೂ ಬರುತ್ತದೆ, ನಾನು ಇಳಿದ ಬಸ್ ನಿಲ್ದಾಣವೂ ಬರುತ್ತದೆ. ಆಗ ವರ್ತುಲದ ಕಡೆ ನನ್ನ ಗಮನವೇ ಹೋಗಿರಲಿಲ್ಲ.

ಉತ್ತರ 1

ಹಾಗಿದ್ದರೆ ಸಂದೇಹ ಬಹುಮಟ್ಟಿಗೆ ಬಗೆಹರಿಯಿತು. 25 ಮೀಟರ್‌ನದು ವೈಫೈನಿಂದ ಬಂದಿರಬೇಕು, 900 ಮೀಟರ್‌ನದು ಟವರ್‌ನಿಂದ. ಮೈದಾನದ ಮಧ್ಯಬಿಂದುವಿಗೆ ಯಾವ ವಿಶೇಷ ಅರ್ಥವೂ ಇಲ್ಲ. ಎರಡೂವರೆ ಚದರ ಕಿಲೋಮೀಟರ್ ಜಾಗದಲ್ಲಿ ಎಲ್ಲೋ ಒಂದು ಕಡೆ ಫೋನ್ ಇದೆ ಎಂದಷ್ಟೇ ಆ ಅಳತೆ ಹೇಳುತ್ತಿದೆ, ಚುಕ್ಕೆಯನ್ನು ಎಲ್ಲಾದರೂ ಇಡಬೇಕಲ್ಲ ಎಂದು ನಡುವೆ ಇಟ್ಟಿದೆ.

ಸಣ್ಣ ವರ್ತುಲವನ್ನೂ ಪೂರ್ತಿ ನಂಬಬೇಡಿ. 25 ಮೀಟರ್ ತ್ರಿಜ್ಯವೆಂದರೆ ಸುಮಾರು 1,960 ಚದರ ಮೀಟರ್. ಆ ಕಟ್ಟಡವಷ್ಟೇ ಅಲ್ಲ, ಅಕ್ಕಪಕ್ಕದ ಮತ್ತು ಹಿಂದಿನ ಮನೆಗಳೂ ಅದರಲ್ಲಿ ಅಡಗುತ್ತವೆ. ಇನ್ನೊಂದು ಮಾತನ್ನು ಬಳಕೆದಾರರಿಗೆ ಯಾರೂ ಹೇಳುವುದೇ ಇಲ್ಲ, ಅದು ನನಗೆ ಬೇಸರದ ವಿಷಯ. ಆಂಡ್ರಾಯ್ಡ್ ತಂತ್ರಾಂಶ ಬರೆಯುವವರಿಗೆ ಕೊಟ್ಟಿರುವ ವ್ಯಾಖ್ಯೆಯ ಪ್ರಕಾರ, ನಿಜವಾದ ಸ್ಥಳ ಆ ತ್ರಿಜ್ಯದೊಳಗೆ ಇರುವ ಸಂಭವ ಶೇಕಡಾ 68 ಮಾತ್ರ. ಹೆಚ್ಚುಕಡಿಮೆ ಮೂರು ಸಲಕ್ಕೊಮ್ಮೆ ಫೋನ್ ವರ್ತುಲದ ಗೆರೆಯಿಂದಾಚೆಗೆ ಇರಬಹುದು ಎಂದಾಯಿತು. ಯಾವ ಮಹಡಿ ಎಂಬುದನ್ನಂತೂ ಈ ನಕ್ಷೆ ಹೇಳುವುದೇ ಇಲ್ಲ.

ಉತ್ತರ 2

ಮೇಲಿನ ವಿವರಣೆಗೆ ಒಂದು ಸೇರ್ಪಡೆ ಅಗತ್ಯ. ಅಲ್ಲಿ ಹೇಳಿದ್ದೆಲ್ಲ ಫೋನ್ ತಾನೇ ಇಂಟರ್ನೆಟ್‌ಗೆ ಸೇರಿ ತನ್ನ ಸ್ಥಳವನ್ನು ಕಳಿಸಿದಾಗ ಅನ್ವಯಿಸುತ್ತದೆ. ಸಂಪರ್ಕವೇ ಇಲ್ಲದ ಫೋನನ್ನು ಹುಡುಕುವ ಕ್ರಮ ಬೇರೆ. ಆ್ಯಪಲ್ 2019ರಲ್ಲಿ ಐಫೋನಿನ ತಂತ್ರಾಂಶವಾದ ಐಒಎಸ್ 13ರೊಂದಿಗೆ, ಗೂಗಲ್ 2024ರಲ್ಲಿ ಇದನ್ನು ತಂದವು. ಕಳೆದ ಫೋನ್ ಬ್ಲೂಟೂತ್ ಮೂಲಕ ಮೆಲ್ಲನೆ ಒಂದು ಗುರುತನ್ನು ಹೊರಡಿಸುತ್ತಿರುತ್ತದೆ, ದಾರಿಯಲ್ಲಿ ಹೋಗುವ ಅಪರಿಚಿತರ ಫೋನ್ ಅದನ್ನು ಕೇಳಿಸಿಕೊಂಡು, ಒಡೆಯನಷ್ಟೇ ಓದಬಲ್ಲ ಗೂಢಲಿಪಿಯಲ್ಲಿ ಸ್ಥಳವನ್ನು ಕಳಿಸುತ್ತದೆ. ಹಾಗೆ ಬರುವ ಸ್ಥಳ ನಿಮ್ಮ ಫೋನಿನದಲ್ಲ, ಕೇಳಿಸಿಕೊಂಡ ಫೋನಿನದು. ಬ್ಲೂಟೂತ್ ಹತ್ತಾರು ಮೀಟರ್ ದೂರ ಕೇಳಿಸುವುದರಿಂದ, ಮನೆಯೊಳಗಿರುವ ಫೋನ್ ಬೀದಿಯಲ್ಲಿ ಇದ್ದಂತೆ ಕಾಣುವುದು ಸಹಜ.

ಗೂಗಲ್‌ನ ವ್ಯವಸ್ಥೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲೇ ಆರಿಸಿಟ್ಟಿರುವ ಸೆಟ್ಟಿಂಗ್‌ನ ಪ್ರಕಾರ ಜನ ಹೆಚ್ಚಾಗಿ ಓಡಾಡುವ ಕಡೆ ಮಾತ್ರ, ಹಲವು ಫೋನುಗಳ ವರದಿ ಕೂಡಿದ ಮೇಲಷ್ಟೇ ಸ್ಥಳ ತೋರಿಸಲಾಗುತ್ತದೆ. ಒಬ್ಬ ವ್ಯಕ್ತಿಯ ಮನೆಯನ್ನು ಯಾರೂ ಗುಟ್ಟಾಗಿ ಪತ್ತೆ ಹಚ್ಚದಿರಲಿ ಎಂಬ ಎಚ್ಚರಿಕೆ ಇದು, ಸರಿಯಾದ ಎಚ್ಚರಿಕೆಯೇ. ಆದರೆ ನಿರ್ಜನ ರಸ್ತೆಯಲ್ಲೋ ಒಂಟಿ ಮನೆಯಲ್ಲೋ ಬಿದ್ದ ಫೋನ್ ಇದರಿಂದ ಕಾಣದೆ ಉಳಿಯುತ್ತದೆ. ‘ಎಲ್ಲ ಪ್ರದೇಶಗಳಲ್ಲಿ’ ಎಂಬ ಆಯ್ಕೆಯೂ ಇದೆ. ಅದು ಫಲಿಸಬೇಕಾದರೆ ಪಕ್ಕದಲ್ಲಿ ಹಾದುಹೋಗುವವರೂ ಅದನ್ನೇ ಆರಿಸಿಕೊಂಡಿರಬೇಕು.

ಫೋನ್ ಆಫ್ ಆದರೆ ಏನು ಎಂದು ಹಲವರು ಕೇಳುತ್ತಾರೆ. 2021ರ ಐಒಎಸ್ 15ರಿಂದೀಚೆಗೆ ಐಫೋನ್ 11 ಮತ್ತು ನಂತರದ ಹೆಚ್ಚಿನ ಮಾದರಿಗಳು ಆಫ್ ಮಾಡಿದ ಮೇಲೂ ಸ್ವಲ್ಪ ಕಾಲ ಬ್ಲೂಟೂತ್ ಗುರುತನ್ನು ಹೊರಡಿಸುತ್ತವೆ. ಆಂಡ್ರಾಯ್ಡ್‌ನಲ್ಲಿ ಪಿಕ್ಸೆಲ್ 8ರಂತಹ ಕೆಲವು ಮಾದರಿಗಳಿಗೆ ಮಾತ್ರ ಈ ಸಾಮರ್ಥ್ಯವಿದೆ. ಉಳಿದವುಗಳ ಮಟ್ಟಿಗೆ ಕೊನೆಯ ಚುಕ್ಕೆಯೇ ಕೊನೆ. ನಿಮ್ಮ 6:52ರ ಚುಕ್ಕೆಯೂ ಅಂಥದ್ದೇ: ಫೋನ್ ರಸ್ತೆಯಲ್ಲಿ ಬಿದ್ದಿತ್ತೆಂದಲ್ಲ, ಆ ಹೊತ್ತಿನಲ್ಲಿ ಬಸ್ಸಿನೊಂದಿಗೆ ಅಲ್ಲಿ ಸಾಗುತ್ತಿತ್ತು, ಬಳಿಕ ಸಂಪರ್ಕ ಕಡಿಯಿತು ಎಂದು. ಚುಕ್ಕೆಯನ್ನು ನೋಡುವ ಮೊದಲು ಅದರ ಗಂಟೆಯನ್ನು ನೋಡಬೇಕು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ.

ಉತ್ತರ 3

ಕರೆಗಂಟೆ ಒತ್ತದೆ ಹಿಂದಿರುಗಿದ್ದು ಒಳ್ಳೆಯದಾಯಿತು. ಇದನ್ನು ಒತ್ತಿ ಹೇಳಲು ಕಾರಣವಿದೆ. 2022ರ ಜನವರಿಯಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ, ಕಳುವಾದ ವಾಹನವೊಂದರಲ್ಲಿದ್ದ ಐಫೋನ್ ಒಂದು ಮನೆಯ ಬಳಿ ಇದೆಯೆಂದು ಆ್ಯಪಲ್‌ನ ಹುಡುಕುವ ವ್ಯವಸ್ಥೆಯಾದ ಫೈಂಡ್ ಮೈ ತೋರಿಸಿತು. ವರ್ತುಲದೊಳಗೆ ಹಲವು ಮನೆಗಳಿದ್ದರೂ ಪೊಲೀಸರು ಅದನ್ನೇ ಆಧಾರವಾಗಿಸಿ ಶೋಧನಾ ವಾರಂಟ್ ಪಡೆದು, ಶಸ್ತ್ರಸಜ್ಜಿತ ಪಡೆಯೊಂದಿಗೆ ಒಂಟಿಯಾಗಿದ್ದ ವೃದ್ಧೆಯೊಬ್ಬರ ಮನೆಗೆ ನುಗ್ಗಿದರು. ಅಲ್ಲಿ ಏನೂ ಸಿಗಲಿಲ್ಲ. 2024ರಲ್ಲಿ ತೀರ್ಪುಗಾರರ ಮಂಡಳಿ ಆಕೆಗೆ 37 ಲಕ್ಷ 60 ಸಾವಿರ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಮಾನಿಸಿತು. ಕಾನೂನು ಕಾಪಾಡಬೇಕಾದವರೇ ವರ್ತುಲವನ್ನು ಮನೆಯ ವಿಳಾಸವೆಂದು ಓದಿಬಿಟ್ಟರೆ ಹೀಗಾಗುತ್ತದೆ. ಫೋನ್ ಕಳೆದುಕೊಂಡ ನೋವಿನಲ್ಲಿ ನಾವೂ ಹಾಗೆಯೇ ಓದುತ್ತೇವೆ, ಎದುರಿಗೆ ಬಾಗಿಲು ತೆರೆದವರನ್ನು ಕಳ್ಳರೆಂದು ನೋಡುತ್ತೇವೆ. ನಿಜವಾಗಿ ಕದ್ದವರೇ ಒಳಗಿದ್ದರೆ ಒಬ್ಬರೇ ಹೋಗುವುದು ಅಪಾಯವೂ ಹೌದು. ಪರದೆಯ ಚಿತ್ರಗಳು, ಗಂಟೆಗಳು, ಫೋನಿನ ಪೆಟ್ಟಿಗೆಯ ಮೇಲಿರುವ 15 ಅಂಕಿಗಳ ಐಎಂಇಐ ಎಂಬ ಗುರುತಿನ ಸಂಖ್ಯೆ, ಇವನ್ನು ಜೋಡಿಸಿ ಪೊಲೀಸರಿಗೆ ದೂರು ಕೊಡಿ.

ಹತ್ತಿರ ಹೋದಾಗ ಬಳಸಬೇಕಾದದ್ದು ನಕ್ಷೆಯನ್ನಲ್ಲ, ರಿಂಗ್ ಮಾಡುವ ಗುಂಡಿಯನ್ನು. ಫೋನ್ ಸೈಲೆಂಟ್‌ನಲ್ಲಿದ್ದರೂ ಅದು ಪೂರ್ತಿ ಸದ್ದಿನಲ್ಲಿ 5 ನಿಮಿಷ ಬಾರಿಸುತ್ತದೆ. ಆದರೆ ಫೋನಿಗೆ ಆ ಹೊತ್ತಿನಲ್ಲಿ ಸಂಪರ್ಕ ಇರಬೇಕು. ಇನ್ನು, ನಿಮ್ಮ ಫೋನ್ ಸಿಕ್ಕಿದೆ, ಈ ಕೊಂಡಿ ಒತ್ತಿ ಪಾಸ್‌ವರ್ಡ್ ಕೊಡಿ ಎಂಬ ಸಂದೇಶ ತಮ್ಮನ ಸಂಖ್ಯೆಗೆ ಬಂದರೆ ಅದು ಮೋಸ. ಲಾಕ್ ಬಿಡಿಸಿಕೊಳ್ಳಲು ಕಳ್ಳರು ಹೂಡುವ ಉಪಾಯ ಅದು.

ಪ್ರಶ್ನೆ ಕೇಳಿದವರು

ಫೋನ್ ಸಿಕ್ಕಿತು. ನಿಮ್ಮೆಲ್ಲರ ಉಪಕಾರವನ್ನು ಮರೆಯಲಾರೆ.

ನಿನ್ನೆ ಸಂಜೆ ತಮ್ಮನಿಗೆ ಒಂದು ಕರೆ ಬಂತು. ಅದೇ ಬಸ್ಸಿನಲ್ಲಿ ಬಂದಿದ್ದ ಹಿರಿಯರೊಬ್ಬರು ಸೀಟಿನ ಸಂದಿಯಲ್ಲಿ ಫೋನನ್ನು ಕಂಡು, ಯಾರಾದರೂ ಕರೆ ಮಾಡಿದಾಗ ತಿಳಿಸಿದರಾಯಿತೆಂದು ಮನೆಗೆ ತಂದಿಟ್ಟುಕೊಂಡಿದ್ದರು. ಜೋಪಾನವಾಗಿರಲೆಂದು ಅದನ್ನು ಇಟ್ಟದ್ದು ಕಬ್ಬಿಣದ ಬೀರುವಿನಲ್ಲಿ. ನಮ್ಮ ಕರೆಗಳು ಅದಕ್ಕೇ ಮುಟ್ಟಿರಲಿಲ್ಲವೆಂದು ತೋರುತ್ತದೆ. ಮರುದಿನ ಬೆಳಿಗ್ಗೆ ಹೊರತೆಗೆದು, ಯಾವ ಕರೆಯೂ ಬಾರದಿದ್ದಾಗ ಮತ್ತೆ ಒಳಗಿಟ್ಟರಂತೆ. ಮೈದಾನದ ಚುಕ್ಕೆ ಕಂಡದ್ದು ಆ ಹೊತ್ತಿನಲ್ಲೇ ಇರಬೇಕು. ನಿನ್ನೆ ಚಾರ್ಜಿಗೆ ಹಾಕಿದಾಗ ಪರದೆಯ ಮೇಲೆ ನಾನು ಬರೆದ ಸಂದೇಶವೂ ಸಂಖ್ಯೆಯೂ ಕಂಡವು.

ಅವರ ಮನೆ ಆ ನಾಲ್ಕು ಅಂತಸ್ತಿನ ಕಟ್ಟಡದಲ್ಲಿಲ್ಲ. ಅದರ ಹಿಂದಿನ ಓಣಿಯಲ್ಲಿರುವ ಹೆಂಚಿನ ಮನೆ ಅವರದು. ಫೋನ್ ಕೈಗೆ ಬಂದ ಮೇಲೆ ನಕ್ಷೆಯಲ್ಲಿ ಅಳೆದು ನೋಡಿದೆ: ಚುಕ್ಕೆ ಇದ್ದ ಜಾಗದಿಂದ ಅವರ ಬಾಗಿಲಿಗೆ 31 ಮೀಟರ್, ಎಂದರೆ ವರ್ತುಲದ ಗೆರೆಯಿಂದ 6 ಮೀಟರ್ ಆಚೆಗೆ. ಹದಿನಾರು ಕರೆಗಂಟೆಗಳಲ್ಲಿ ಯಾವುದನ್ನು ಒತ್ತಿದ್ದರೂ ತಪ್ಪು ಮನೆಯೇ ಆಗುತ್ತಿತ್ತು. ಮಗಳ ಚಿತ್ರಗಳು ಈಗ ತಮ್ಮನ ಕಂಪ್ಯೂಟರಿಗೆ ಪ್ರತಿಯಾಗುತ್ತಿವೆ.