ದಿನಕ್ಕೆ 40 ಕಿ.ಮೀ. ಓಡಾಟ: 125 ಸಿಸಿ ಸಾಕಾ, 160 ಬೇಕಾ? ಹೆಲ್ಮೆಟ್, ಜಾಕೆಟ್ ಹೇಗೆ ಆರಿಸೋದು?

ಎರಡನೇಗೇರ್:
ಕೆಲಸಕ್ಕೆ ಹೋಗೋಕೆ 20 ಕಿ.ಮೀ., ಬರೋಕೆ 20. ಮುಕ್ಕಾಲು ದಾರಿ ಸಿಗ್ನಲ್ಲು, ಜಾಮು. ಐದು ಕಿ.ಮೀ. ಮಾತ್ರ 70ರಲ್ಲಿ ಹೋಗೋ ಹಾಗಿದೆ. ಎತ್ತರ 5 ಅಡಿ 5 ಇಂಚು. ಲ್ಯಾಪ್‌ಟಾಪ್ ಬ್ಯಾಗ್ ದಿನಾ ಇರುತ್ತೆ, ಹಿಂದೆ ಯಾರಾದರೂ ಕೂರೋದು ಅಪರೂಪ. 125 ಸಿಸಿ ಸಾಕಾ? ಇಷ್ಟು ನಿಧಾನದ ಓಡಾಟಕ್ಕೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋದು) ಬೇಕಾ? ಸುಡುಬಿಸಿಲಲ್ಲಿ ಜಾಕೆಟ್ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಲ್ಲೋಕಾಗುತ್ತಾ? ಮಾಡೆಲ್ ಹೆಸರು ಬೇಡ, ಏನು ನೋಡಿ ಆರಿಸಬೇಕು ಅಂತ ಹೇಳಿ ಸಾಕು.

ಸ್ಪ್ರಾಕೆಟ್:
ಸಿಸಿ ಪಕ್ಕಕ್ಕಿಡಿ. ಗರಿಷ್ಠ ಟಾರ್ಕ್ (ಎಂಜಿನ್ ಚಕ್ರ ತಿರುಗಿಸೋ ಬಲ) ಎಷ್ಟು ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗೋ ಸುತ್ತು) ಸಿಗುತ್ತೆ ಅಂತ ನೋಡಿ. ಜಾಮ್‌ನಲ್ಲಿ ಎಂಜಿನ್ ಓಡೋದು 2,500ರಿಂದ 4,000ದ ಒಳಗೆ. ಟಾರ್ಕ್ 5,500–6,000ಕ್ಕೆ ಬರೋ ಎಂಜಿನ್ ಅಲ್ಲಿ ಆರಾಮಾಗಿ ಎಳೆಯುತ್ತೆ. 8,000ದ ಮೇಲೆ ಬರೋದಾದರೆ ಪ್ರತಿ ಸಲ ಅರ್ಧ ಕ್ಲಚ್ ಹಿಡಿದೇ ಎಬ್ಬಿಸಬೇಕು. ಕ್ಲಚ್ ಪ್ಲೇಟ್ ಬೇಗ ಸವೆಯುತ್ತೆ, ಎಡ ಮಣಿಕಟ್ಟು ನೋಯುತ್ತೆ. ನಿಮ್ಮ ದಾರಿಗೆ ಒಳ್ಳೆ 125 ಸಾಕು. ದಿನಾ ಇಬ್ಬರು ಕೂರೋದಿದ್ದರೆ ಅಥವಾ ಏರುದಾರಿ ಜಾಸ್ತಿ ಇದ್ದರೆ ಮಾತ್ರ 160 ಅನ್ನುತ್ತಿದ್ದೆ.

ತೂಕ ಮುಖ್ಯ. 120 ಕೆ.ಜಿ. ಗಾಡಿಗೂ 145 ಕೆ.ಜಿ. ಗಾಡಿಗೂ ಓಡುವಾಗ ವ್ಯತ್ಯಾಸ ಗೊತ್ತಾಗಲ್ಲ, ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತೆ. ಸೀಟಿನ ಎತ್ತರದ ಅಂಕಿಯೊಂದನ್ನೇ ನಂಬಬೇಡಿ. 780 ಮಿ.ಮೀ. ಅಗಲ ಸೀಟಿಗಿಂತ 795 ಮಿ.ಮೀ. ಕಿರಿದಾದ ಸೀಟಲ್ಲಿ ಕಾಲು ಚೆನ್ನಾಗಿ ನೆಲ ಮುಟ್ಟಬಹುದು. ಶೂ ಹಾಕಿ, ಬ್ಯಾಗ್ ಹೆಗಲಿಗೇರಿಸಿ ಕೂತು ನೋಡಿ: ಎರಡೂ ಪಾದಗಳ ಮುಂಭಾಗ ಊರಬೇಕು, ಇಲ್ಲವೇ ಒಂದು ಪಾದ ಪೂರ್ತಿ ಊರಬೇಕು.

ಟೆಸ್ಟ್ ರೈಡ್‌ಗೆ ಎರಡು ನಿಮಿಷ ಸಾಲದು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ನ್ಯೂಟ್ರಲ್ ಸಿಗದಿರೋದು, ತೊಡೆಗೆ ಶಾಖ ಹೊಡೆಯೋದು ಆಮೇಲೇ ತಿಳಿಯೋದು. ಮೊದಲ ಗೇರಲ್ಲಿ ಕ್ಲಚ್ ಬಿಟ್ಟು ನಡಿಗೆಯ ವೇಗಕ್ಕಿಂತ ಸ್ವಲ್ಪ ಜಾಸ್ತಿಯಲ್ಲಿ ಬಿಡಿ. ಜರ್ಕ್ ಹೊಡೆದರೆ ಜಾಮ್‌ನಲ್ಲಿ ದಿನಾ ಅದೇ ಕಥೆ. ಹ್ಯಾಂಡಲ್ ಪೂರ್ತಿ ತಿರುಗಿಸಿ ಯೂ-ಟರ್ನ್ ಮಾಡಿ. ಟಾಪ್ ಗೇರಲ್ಲಿ 60–70ರಲ್ಲಿ ಕನ್ನಡಿ ನೋಡಿ: ಹಿಂದಿನ ಗಾಡಿ ಮಸುಕಾಗಿ ನಡುಗುತ್ತಿದ್ದರೆ ಆ ವೈಬ್ರೇಷನ್ ನಿಮ್ಮ ಕೈಗೂ ಬರುತ್ತೆ.

ಮಳೆಸವಾರ:
ಟಾರ್ಕ್ ವಿಷಯ ಒಪ್ಪಿದೆ. ಆದರೆ ಬರೀ 125 ಅಂದುಬಿಟ್ಟರೆ ಬ್ರೇಕಿನ ಮಾತೇ ಬಿಟ್ಟುಹೋಗುತ್ತೆ. ಎಷ್ಟೋ 125ಗಳಲ್ಲಿ ಎಬಿಎಸ್ ಇರಲ್ಲ, ಸಿಬಿಎಸ್ ಇರುತ್ತೆ. ಸಿಬಿಎಸ್ ಒಂದು ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚುತ್ತೆ ಅಷ್ಟೇ, ಚಕ್ರ ಲಾಕ್ ಆಗೋದನ್ನು ತಡೆಯಲ್ಲ. ಹೆದರಿ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದಾಗ ಮುಂಚಕ್ರ ನಿಂತರೆ ಸ್ಟೀರಿಂಗ್ ಸತ್ತಂತೆ, ಏನಾಯ್ತು ಅನ್ನೋಷ್ಟರಲ್ಲಿ ನೆಲಕ್ಕೆ. 30ರ ವೇಗದಲ್ಲೂ ಹೀಗಾಗುತ್ತೆ: ಒದ್ದೆ ಜೀಬ್ರಾ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಚೆಲ್ಲಿದ ಡೀಸೆಲ್. ಹಾಗಾಗಿ ನಿಧಾನದ ಓಡಾಟಕ್ಕೆ ಎಬಿಎಸ್ ಯಾಕೆ ಅನ್ನೋ ಪ್ರಶ್ನೆಯೇ ತಿರುಗುಮುರುಗು. ಸಿಂಗಲ್ ಚಾನೆಲ್ ಎಬಿಎಸ್ ಅಂದರೆ ಮುಂಚಕ್ರಕ್ಕೆ ಮಾತ್ರ. ಹಿಂಚಕ್ರ ಜಾರಿದರೂ ಸಾವರಿಸಿಕೊಳ್ಳೋಕೆ ತುಸು ಸಮಯ ಸಿಗುತ್ತೆ, ಮುಂಚಕ್ರ ಆ ಸಮಯ ಕೊಡಲ್ಲ. ಅದಾದರೂ ಇರಲಿ. ಎಬಿಎಸ್ ಇದೆ ಅಂತ ಜಲ್ಲಿ ರಸ್ತೆಯಲ್ಲಿ ಗಾಡಿ ಬೇಗ ನಿಲ್ಲುತ್ತೆ ಅಂದುಕೊಳ್ಳಬೇಡಿ, ಅಲ್ಲಿ ಇನ್ನೂ ಸ್ವಲ್ಪ ದೂರ ಹೋಗಿಯೇ ನಿಲ್ಲಬಹುದು.

ಟೈರ್ ಟ್ಯೂಬ್‌ಲೆಸ್ ಇರಲಿ. ಮೊಳೆ ಹೊಕ್ಕರೂ ಗಾಳಿ ಮೆಲ್ಲಗೆ ಹೋಗುತ್ತೆ. ಟ್ಯೂಬ್ ಆದರೆ ಒಮ್ಮೆಲೇ ಕೂತುಬಿಡಬಹುದು. ಡೆಲಿವರಿ ತಗೊಳ್ಳುವಾಗ ಟೈರಿನ ಬದಿಯಲ್ಲಿರೋ ನಾಲ್ಕು ಅಂಕಿ ಓದಿ: 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಗಾಳಿ ವಾರಕ್ಕೊಮ್ಮೆ ನೋಡಿ, ಟೈರ್ ತಣ್ಣಗಿರುವಾಗಲೇ.

ಗೇರ್‌ಲೆಸ್:
ಇಷ್ಟು ಜಾಮ್ ಇದ್ದರೆ ಸ್ಕೂಟರ್ ಯಾಕೆ ಬೇಡ? ಕ್ಲಚ್ಚೇ ಇಲ್ಲ, ಬ್ಯಾಗ್ ಕಾಲ ಬಳಿ ಇಡಬಹುದು.

ಸ್ಪ್ರಾಕೆಟ್:
ರಸ್ತೆ ಚೆನ್ನಾಗಿದ್ದರೆ ಸ್ಕೂಟರೇ ಸರಿ. ಆದರೆ 10–12 ಇಂಚಿನ ಚಕ್ರ ಗುಂಡಿಯೊಳಗೆ ಇಳಿದು ಹತ್ತುತ್ತೆ, 17–18 ಇಂಚಿನದು ಅದೇ ಗುಂಡಿಯನ್ನು ಮೇಲಿಂದ ದಾಟಿಬಿಡುತ್ತೆ. ಅವರ ದಾರಿ ನೋಡಿ ಅವರೇ ತೀರ್ಮಾನಿಸಲಿ.

ವೈಸರ್:
ಹಾಕಿಕೊಳ್ಳೋ ಗೇರ್ (ಜಾಕೆಟ್, ಹೆಲ್ಮೆಟ್, ಗ್ಲೌಸ್) ಬಗ್ಗೆ ನಾನು ಹೇಳ್ತೀನಿ. ದಿನಾ ಹಾಕೋಕೆ ಬೇಜಾರಾಗೋ ಜಾಕೆಟ್ ಎಷ್ಟು ಗಟ್ಟಿ ಇದ್ದರೂ ಗೋಡೆಯ ಮೊಳೆಯಲ್ಲೇ ತೂಗುತ್ತಿರುತ್ತೆ. ಅದಕ್ಕೇ ಬಿಸಿಲಿಗೆ ಮೆಶ್ (ಗಾಳಿಯಾಡೋ ಜಾಲರಿ ಬಟ್ಟೆಯದು) ತಗೊಳ್ಳಿ. ನಿಂತಾಗ ಸೆಕೆ ಆಗೇ ಆಗುತ್ತೆ, ಗಾಡಿ ಹೊರಟರೆ ಗಾಳಿ ಆಡುತ್ತೆ. ಒಳಗಿನ ಲೇಬಲ್‌ನಲ್ಲಿ ಇಎನ್ 17092 (ಸವಾರರ ಬಟ್ಟೆಗೆ ಯುರೋಪಿನ ಮಾನದಂಡ) ಅಂತ ಇದ್ದು, ಪಕ್ಕದಲ್ಲಿ ದರ್ಜೆ ಇರಬೇಕು: ಎಎಎ ಎಲ್ಲಕ್ಕಿಂತ ಗಟ್ಟಿ, ಆಮೇಲೆ ಎಎ, ಎ. ನಗರದ ವೇಗಕ್ಕೆ ಎ ನಡೆಯುತ್ತೆ, ಎಎ ಸಿಕ್ಕರೆ ಒಳ್ಳೆಯದು. ಬಿ ಅಂದರೆ ಏಟು ತಡೆಯೋ ಗಾರ್ಡ್‌ಗಳಿಲ್ಲದ್ದು ಅಂತ ನೆನಪಿಡಿ.

ಬೆನ್ನಿನ ಜಾಗದಲ್ಲಿ ಎಷ್ಟೋ ಜಾಕೆಟ್‌ಗಳಲ್ಲಿ ಬರೀ ಸ್ಪಂಜ್ ತುಂಬಿರುತ್ತೆ. ಜಿಪ್ ತೆಗೆದು ಹೊರಗೆಳೆದು ನೋಡಿ. ಇಎನ್ 1621-2 (ಬೆನ್ನಿನ ಗಾರ್ಡ್‌ನ ಮಾನದಂಡ) ಅಂತ ಅಚ್ಚಾಗಿಲ್ಲದಿದ್ದರೆ ಅದು ಗಾರ್ಡ್ ಅಲ್ಲ, ದಿಂಬು. ಪರೀಕ್ಷೆಯಲ್ಲಿ ಲೆವೆಲ್ 1 ಬೆನ್ನಿನ ಗಾರ್ಡ್ ದಾಟಿ ಬರೋ ಬಲ ಸರಾಸರಿ 18 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ಕ್ಕೆ 9. ಜಾಕೆಟ್ ಹಾಕಿ ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ, ಯಾರಿಗಾದರೂ ಮೊಣಕೈ ಗಾರ್ಡ್ ತಿರುಗಿಸೋಕೆ ಹೇಳಿ. ಸರಿದುಹೋದರೆ ಬಿದ್ದಾಗಲೂ ಸರಿಯುತ್ತೆ, ಒಂದು ಸೈಜ್ ಕಡಿಮೆ ತಗೊಳ್ಳಿ. ಮಳೆಗೆ ಒಳಗೆ ಹಾಕೋ ಲೈನರ್ ನನಗೆ ಇಷ್ಟವಿಲ್ಲ: ಹೊರಗಿನ ಬಟ್ಟೆ ನೀರು ಹೀರಿ ಭಾರವಾಗುತ್ತೆ, ಚಳಿ ಹತ್ತುತ್ತೆ. ಮೇಲೆ ಹಾಕೋ ರೇನ್‌ಕೋಟೇ ವಾಸಿ, ಎದ್ದು ಕಾಣೋ ಬಣ್ಣದ್ದಿರಲಿ.

ಹೆಲ್ಮೆಟ್: ಪೂರ್ತಿ ಮುಖ ಮುಚ್ಚೋದು, ಗದ್ದಕ್ಕೂ ರಕ್ಷಣೆ ಇರೋದು. ಹುಬ್ಬಿನಿಂದ ಎರಡು ಬೆರಳು ಮೇಲೆ ಟೇಪು ಸುತ್ತಿ ಅಳೆಯಿರಿ. ಹೊಸದರಲ್ಲಿ ಕೆನ್ನೆ ಒತ್ತಬೇಕು, ಪ್ಯಾಡ್ ಆಮೇಲೆ ಸಡಿಲವಾಗುತ್ತೆ. ಹೆಲ್ಮೆಟ್ ಅಲ್ಲಾಡಿಸಿದರೆ ಮುಖದ ಚರ್ಮವೂ ಜೊತೆಗೇ ಅಲ್ಲಾಡಬೇಕು. ಹದಿನೈದು ನಿಮಿಷ ತೆಗೆಯದೆ ಇರಿ. ಹಣೆಯ ಒಂದೇ ಜಾಗ ನೋವು ಬಂದರೆ ಸೈಜ್ ಅಲ್ಲ, ಆಕಾರ ನಿಮ್ಮ ತಲೆಯದ್ದಲ್ಲ, ಬೇರೆ ಮಾಡೆಲ್ ನೋಡಿ. ಸ್ಟ್ರಾಪ್ ಬಿಗಿದು ಹಿಂದಿನಿಂದ ಮುಂದಕ್ಕೆ ಎತ್ತಿ ತಳ್ಳಿ. ಕಳಚಿ ಬಂದರೆ ಬೇಡವೇ ಬೇಡ. ಇಸಿಇ 22.06 ಅನ್ನೋ ಹೆಲ್ಮೆಟ್ ಮಾನದಂಡದ ಗುರುತಿದ್ದರೆ ಓರೆಯಾಗಿ ಬಿದ್ದಾಗ ತಲೆ ತಿರುಚುವ ಬಲಕ್ಕೂ ಪರೀಕ್ಷೆ ಆಗಿರುತ್ತೆ, ಹಿಂದಿನ 22.05ರಲ್ಲಿ ಅದಿರಲಿಲ್ಲ. ಒಳಗಿನ ಥರ್ಮಕೋಲ್‌ನಂಥ ಪದರ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬಲ್ಲ. ಅದಕ್ಕೇ ಏಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸೋದು. ಕನ್ನಡಿಗೆ ತಗುಲಿಹಾಕಬೇಡಿ, ಆ ಪದರಕ್ಕೆ ಕುಳಿ ಬೀಳುತ್ತೆ. ಪೆಟ್ರೋಲ್, ಥಿನ್ನರ್‌ನಿಂದ ಒರೆಸಲೇಬೇಡಿ.

ಗ್ಲೌಸ್ ಕಡೆಗಣಿಸೋರೇ ಜಾಸ್ತಿ. ಬೀಳುವಾಗ ಮೊದಲು ನೆಲಕ್ಕೆ ಊರೋದು ಅಂಗೈ. ಅಂಗೈ ಬುಡದಲ್ಲಿ ನುಣುಪಾದ ಗಟ್ಟಿ ತುಂಡು ಇರೋದು ತಗೊಳ್ಳಿ, ಕೈ ರಸ್ತೆಗೆ ಕಚ್ಚಿಕೊಳ್ಳದೆ ಜಾರುತ್ತೆ, ಮಣಿಕಟ್ಟಿನ ಮೂಳೆ ಉಳಿಯುತ್ತೆ. ಮಣಿಕಟ್ಟಿಗೆ ಪಟ್ಟಿ ಇಲ್ಲದ್ದು ಕಳಚಿ ಹೋಗುತ್ತೆ. ಶೂ ಕಣಕಾಲು ಮುಚ್ಚಲಿ, ಲೇಸ್ ತುದಿ ಒಳಗೆ ಸಿಕ್ಕಿಸಿ. ಗೇರ್ ಲಿವರ್‌ಗೆ ಸಿಕ್ಕಿಕೊಂಡರೆ ಸಿಗ್ನಲ್‌ನಲ್ಲಿ ಕಾಲು ಕೆಳಗಿಡೋಕೇ ಆಗಲ್ಲ.

ಎರಡನೇಗೇರ್:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಎಬಿಎಸ್ ಇರೋ 125 ಹುಡುಕ್ತೀನಿ, ಸಿಗದಿದ್ದರೆ ಮಾತ್ರ 160. ಇನ್ನೆರಡು: ಮಳೆಯಲ್ಲಿ ಹೆಲ್ಮೆಟ್‌ನ ವೈಸರ್ (ಮುಖದ ಮುಂದಿನ ಗಾಜು) ಮಂಜಾಗೋದಕ್ಕೆ ಏನು ಮಾಡಲಿ? ಬ್ಯಾಗ್ ಬದಲು ಹಿಂದೆ ಬಾಕ್ಸ್ ಹಾಕಿಸಬಹುದಾ?

ವೈಸರ್:
ಒಳಬದಿಗೆ ಎರಡು ಪಿನ್ ಇರೋ ವೈಸರ್ ತಗೊಂಡು ಪಿನ್‌ಲಾಕ್ ಹಾಳೆ (ಮಂಜು ತಡೆಯೋ ಪಾರದರ್ಶಕ ಒಳಹಾಳೆ) ಕೂರಿಸಿ. ಹಾಳೆಯ ಸುತ್ತಲಿನ ಸಿಲಿಕೋನ್ ಅಂಚು ವೈಸರ್‌ಗೆ ಪೂರ್ತಿ ಅಂಟಿರಬೇಕು; ಎರಡರ ನಡುವೆಯೇ ಮಂಜು ಕಂಡರೆ ಪಿನ್ ತಿರುಗಿಸಿ ಬಿಗಿ ಮಾಡಿ. ನೀರು, ಮೆತ್ತನೆ ಬಟ್ಟೆ ಬಿಟ್ಟು ಬೇರೇನೂ ಮುಟ್ಟಿಸಬೇಡಿ. ಕಪ್ಪು ವೈಸರ್ ರಾತ್ರಿಗೆ ಬೇಡ.

ಮಳೆಸವಾರ:
ಬಾಕ್ಸ್ ಹಾಕಿಸಬಹುದು, ಆದರೆ ಆ ಭಾರ ಹಿಂದಿನ ಆಕ್ಸಲ್‌ಗಿಂತ ಹಿಂದೆ ಕೂರುತ್ತೆ. ಜಾಸ್ತಿಯಾದರೆ ಮುಂಭಾಗ ಹಗುರಾಗಿ ಹ್ಯಾಂಡಲ್ ತುಯ್ದಾಡುತ್ತೆ. ರ‍್ಯಾಕ್ ಮೇಲೆ ಬರೆದಿರೋ ಮಿತಿ ಮೀರಬೇಡಿ. ಬಾಕ್ಸಿನ ತೂಕವೂ ಅದರಲ್ಲೇ ಸೇರಿತು. ಲ್ಯಾಪ್‌ಟಾಪ್ ಒಳಗೆ ಅದುರದ ಹಾಗೆ ಸ್ಪಂಜ್ ಹಾಕಿ.

ಸ್ಪ್ರಾಕೆಟ್:
ಯಾವ ಗಾಡಿ ತಗೊಂಡರೂ ಚೈನ್ ಮರೆಯಬೇಡಿ. 500 ಕಿ.ಮೀ.ಗೊಮ್ಮೆ, ಅಂದರೆ ನಿಮಗೆ ಎರಡೂವರೆ ವಾರಕ್ಕೆ, ಸೀಮೆಎಣ್ಣೆಯಿಂದ ತೊಳೆದು ಒರೆಸಿ ಲ್ಯೂಬ್ ಹಾಕಿ. ಮಳೆಯಲ್ಲಿ ನೆಂದರೆ ಅದಕ್ಕೂ ಮೊದಲೇ. ಎಂಜಿನ್ ಆಫ್ ಮಾಡಿ ಚಕ್ರ ಕೈಯಲ್ಲೇ ತಿರುಗಿಸಿ; ಗೇರಲ್ಲಿ ಓಡಿಸುತ್ತಾ ಬಟ್ಟೆ ಹಿಡಿದರೆ ಬೆರಳು ಹೋಗುತ್ತೆ. ಚೈನ್ ಮೇಲೆ-ಕೆಳಗೆ ಆಡೋ ಸಡಿಲ ಸಾಮಾನ್ಯವಾಗಿ 20–30 ಮಿ.ಮೀ., ನಿಮ್ಮ ಗಾಡಿಯ ಲೆಕ್ಕ ಮ್ಯಾನ್ಯುಯಲ್‌ನಲ್ಲಿರುತ್ತೆ. ಚೈನ್ ಅತಿ ಬಿಗಿ ಇದ್ದರೆ ಹಿಂದೆ ಯಾರಾದರೂ ಕೂತಾಗ ಇನ್ನೂ ಬಿಗಿದು ಗೇರ್‌ಬಾಕ್ಸ್ ಬೇರಿಂಗ್ ತಿನ್ನುತ್ತೆ. ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ದರ್ಜೆ ಗುರುತಾದ ಜಾಸೋ ಎಂಎ ಅಥವಾ ಎಂಎ2 ಇರಲಿ. ಕಾರಿನ ಆಯಿಲ್‌ನಲ್ಲಿ ಘರ್ಷಣೆ ತಗ್ಗಿಸೋ ರಾಸಾಯನಿಕ ಇದ್ದರೆ ಎಣ್ಣೆಯಲ್ಲೇ ಮುಳುಗಿರೋ ಬೈಕಿನ ಕ್ಲಚ್ ಜಾರೋಕೆ ಶುರುವಾಗುತ್ತೆ.