ಪದಚರ್ಚೆ: ‘ಮಗುವಿನ ಜೀವನಾಂಶ’ದ ಮುಂದೆ ಯಾವ ಪದ?

ಪ್ರಶ್ನೆ, ತುಮಕೂರಿನಿಂದ:

ನಾಳೆ ಬೆಳಿಗ್ಗೆ ಫಲಕ ಬರೆಯುವವರು ಬರುತ್ತಾರೆ. ಅಷ್ಟರೊಳಗೆ ಒಂದು ಪದ ಬೇಕಾಗಿದೆ. ವಿಚ್ಛೇದನವಾದ ಮೇಲೆ ತಂದೆಯ ಇಲ್ಲವೆ ತಾಯಿಯ ಆದಾಯ ಏರಿದರೆ ಅಥವಾ ಇಳಿದರೆ, ಮಗುವಿಗೆಂದು ಕೊಡಬೇಕಾದ ಹಣವನ್ನು ನ್ಯಾಯಾಲಯ ಮತ್ತೆ ಗೊತ್ತುಮಾಡಬಹುದು ಎಂಬುದನ್ನು ನಮ್ಮ ಕಾನೂನು ನೆರವಿನ ಕೊಠಡಿಯ ಬಾಗಿಲಲ್ಲಿ ತಿಳಿಸಬೇಕು. ದಂಡ ಪ್ರಕ್ರಿಯಾ ಸಂಹಿತೆಯ 127ನೆಯ ಕಲಮಿನಲ್ಲಿದ್ದ ಈ ಅವಕಾಶ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 146ನೆಯ ಕಲಮಿನಲ್ಲಿದೆ. ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಜೀವನಾಂಶ ಹೆಚ್ಚಳ’ ಇಳಿಕೆಗೆ ಹೊಂದುವುದಿಲ್ಲ. ‘ಜೀವನಾಂಶ ಪರಿಷ್ಕರಣೆ’ ಎಂದು ಬರೆದುಕೊಂಡಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ಕಳೆದ ವಾರ ವಸಂತನರಸಾಪುರದ ಕಡೆ ಕೆಲಸಕ್ಕೆ ಸೇರಿದ ತಾಯಿಯೊಬ್ಬರು ಮೊದಲ ಸಂಬಳದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಂದು, “ನಾನು ದುಡಿಯೋಕೆ ಶುರು ಮಾಡ್ದೆ ಅಂತ ಮಗೀಗೆ ಬರೋ ದುಡ್ಡು ನಿಂತೋಗ್ತದಾ?” ಎಂದು ಕೇಳಿದರು. ಅವರಿಗೆ ತಿಳಿಯುವ ಪದ ಬೇಕು.

ಉತ್ತರ, ಚಿಕ್ಕಬಳ್ಳಾಪುರದಿಂದ:

‘ಪರಿಷ್ಕರಣೆ’ ಬೇಡವೇ ಬೇಡ. ‘ಜೀವನಾಂಶ’ವೂ ಎರವಲು. ಸಲಹುವುದಕ್ಕೆ ‘ಪೊರೆ’ ಎಂಬ ನಮ್ಮದೇ ಧಾತು ಇರುವಾಗ ಸಂಸ್ಕೃತಕ್ಕೆ ಕೈಚಾಚುವುದೇಕೆ? ‘ಹೊರೆಹಣ’ ಎನ್ನಿ, ಇಲ್ಲವೆ ‘ಸಾಕುಹಣ’ ಎನ್ನಿ.

ಉತ್ತರ, ಕೋಲಾರದಿಂದ:

ಎರಡೂ ಸಲ್ಲವು. ಸಲಹು ಎಂಬ ಅರ್ಥದ ‘ಪೊರೆ’ಯಲ್ಲಿರುವುದು ರಕಾರ, ಭಾರ ಎಂಬ ಅರ್ಥದ ‘ಪೊಱೆ’ಯಲ್ಲಿರುವುದು ಶಕಟರೇಫ, ಎಂದರೆ ಹಳಗನ್ನಡದ ‘ಱ’; ಆ ಅಕ್ಷರ ಬಳಕೆ ತಪ್ಪಿ, ಪಕಾರ ಹಕಾರವಾದ ಮೇಲೆ ಎರಡೂ ‘ಹೊರೆ’ ಆಗಿವೆ, ಮತ್ತು ಇಂದಿನ ಓದುಗರಿಗೆ ಉಳಿದಿರುವುದು ಭಾರದ ಅರ್ಥವೊಂದೇ. ಮಗುವಿನ ಹಕ್ಕನ್ನು ಬಾಗಿಲ ಮೇಲೆ ಭಾರವೆಂದು ಬರೆಯಿಸುವುದು ಅನ್ಯಾಯ. ‘ಸಾಕುಹಣ’ ಎಂದರೆ ಸಾಕುಮಗು, ಸಾಕುತಾಯಿ ನೆನಪಾಗುತ್ತಾರೆ. ಹೆತ್ತವರ ಹೊಣೆಯನ್ನು ಹೇಳುವ ಕಡೆ ಆ ನೆನಪು ದಾರಿ ತಪ್ಪಿಸುತ್ತದೆ. ಎರವಲಿನ ಮಾತಿಗೆ ಬಂದರೆ, ‘ಅರ್ಜಿ’ ಅರಬ್ಬಿಯದು, ‘ಬದಲು’ ಕೂಡ ಅರಬ್ಬಿಯದು. ಅವನ್ನು ತೆಗೆದುಹಾಕಿ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಹೇಗೆಂದು ಚಿಕ್ಕಬಳ್ಳಾಪುರದವರೇ ಹೇಳಲಿ.

‘ಪರಿಷ್ಕರಣೆ’ ಬೇಡವೆಂಬುದನ್ನು ಮಾತ್ರ ಒಪ್ಪುತ್ತೇನೆ, ಆದರೆ ಬೇರೆ ಕಾರಣಕ್ಕೆ: ವೇತನ ಪರಿಷ್ಕರಣೆಯ ಸುದ್ದಿಯನ್ನೇ ಕೇಳಿದ ಕಿವಿಗೆ ಅದು ಏರಿಕೆಯೆಂದೇ ಕೇಳಿಸುತ್ತದೆ.

ನಿಜವಾದ ತೊಡಕು ‘ಜೀವನಾಂಶ’ದಲ್ಲಿದೆ. ಜನ ಅದನ್ನು ಹೆಂಡತಿಗೆ ಸಲ್ಲುವ ಹಣವೆಂದೇ ತಿಳಿಯುತ್ತಾರೆ. ಆದ್ದರಿಂದಲೇ ಆ ತಾಯಿ, ತಾವು ದುಡಿದರೆ ಮಗುವಿನದೂ ನಿಲ್ಲುತ್ತದೆ ಎಂದು ಹೆದರಿದ್ದಾರೆ. 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾಯಿ ಸಾಕಷ್ಟು ದುಡಿಯುತ್ತಿದ್ದರೆ ಮಗುವಿನ ವೆಚ್ಚವನ್ನು ಇಬ್ಬರ ನಡುವೆ ಪ್ರಮಾಣಾನುಸಾರ ಹಂಚಬಹುದು ಎಂದಿದೆ. ಹಂಚಿಕೆ ಬದಲಾಗಬಹುದು, ತಾಯಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ತಂದೆಯ ಹೊಣೆ ಕಳಚುವುದಿಲ್ಲ. ಆದುದರಿಂದ ‘ಮಗುವಿನ’ ಎಂಬ ಪದವನ್ನು ಯಾವ ಕಾರಣಕ್ಕೂ ಬಿಡಬೇಡಿ, ಮತ್ತು ನಾಮಪದದ ಬದಲು ವಾಕ್ಯವನ್ನೇ ಬರೆಯಿಸಿ: “ತಂದೆ ಅಥವಾ ತಾಯಿಯ ಆದಾಯ ಹೆಚ್ಚಾಗಿದ್ದರೆ ಅಥವಾ ಕಡಿಮೆಯಾಗಿದ್ದರೆ, ಮಗುವಿನ ಜೀವನಾಂಶದ ಮೊತ್ತವನ್ನು ಬದಲಾಯಿಸಿಕೊಡುವಂತೆ ಅರ್ಜಿ ಹಾಕಬಹುದು.”

ತುಮಕೂರಿನಿಂದ:

ವಾಕ್ಯವನ್ನೇ ಬರೆಯಿಸುತ್ತೇನೆ. ‘ಮಗುವಿನ’ ಎಂಬುದನ್ನು ಕೆಂಪಕ್ಷರದಲ್ಲಿ ಬರೆಯಲು ಹೇಳುತ್ತೇನೆ.