ನ್ಯೂಜೆರ್ಸಿಯಿಂದ ಡಲ್ಲಾಸ್‌ಗೆ ಮನೆ ಶಿಫ್ಟ್: ತೂಕ ಅಂದಾಜಿಗಿಂತ ಜಾಸ್ತಿ ಬಂದರೆ ಏನು ಮಾಡೋದು?

ಎಡಿಸನ್_ಮನೆ ಕೇಳಿದ್ದು:
ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ಎಡಿಸನ್ ಬಿಟ್ಟು ಡಲ್ಲಾಸ್‌ಗೆ ಹೋಗುತ್ತಿದ್ದೇವೆ. ಎರಡು ಬೆಡ್‌ರೂಮಿನ ಮನೆ. ಒಬ್ಬ ಮೂವರ್ (ಮನೆ ಸಾಮಾನು ಸಾಗಿಸುವವರು) ಮನೆ ನೋಡದೆ ಫೋನಿನಲ್ಲೇ 5,000 ಪೌಂಡ್ ಆಗುತ್ತೆ, 4,000 ಡಾಲರ್ ಅಂದುಬಿಟ್ಟರು. ಕಾಗದದಲ್ಲಿ ‘ನಾನ್-ಬೈಂಡಿಂಗ್’ ಅಂತಿದೆ. ತೂಕ ಜಾಸ್ತಿ ಬಂದರೆ ಬಾಗಿಲಲ್ಲೇ ದುಡ್ಡು ಕೇಳ್ತಾರಾ? ಸಾಮಾನು ಯಾವಾಗ ಬರುತ್ತೆ ಅಂದರೆ ಜುಲೈ 3ರಿಂದ 14ರೊಳಗೆ ಅಂತಾರೆ. ಅತ್ತೆ ಜೊತೆಗಿದ್ದಾರೆ, ಅವರನ್ನು ಅಷ್ಟು ದಿನ ನೆಲದ ಮೇಲೆ ಮಲಗಿಸೋಕಾಗಲ್ಲ.

ತೂಕದ_ಚೀಟಿ:
ಮೇಡಂ, ಮೊದಲು ಸರ್ವೆ ಮಾಡಿಸಿ. ರಾಜ್ಯದಿಂದ ರಾಜ್ಯಕ್ಕೆ ಹೋಗುವಾಗ ಅವರು ಸಾಮಾನು ನೋಡಿಯೇ ಅಂದಾಜು ಕೊಡಬೇಕು. ವಿಡಿಯೊ ಕಾಲ್ ಆದರೂ ಸರಿ. ಬೇಡ ಅಂತ ನೀವೇ ಬರೆದುಕೊಟ್ಟರೆ ಮಾತ್ರ ಬಿಡಬಹುದು, ದಯವಿಟ್ಟು ಹಾಗೆ ಬರೆದುಕೊಡಬೇಡಿ.

ನಾನ್-ಬೈಂಡಿಂಗ್ ಅಂದರೆ ಕೊನೆಯ ಬಿಲ್ ನಿಜವಾದ ತೂಕದ ಮೇಲೆ. ಆದರೆ ಸಾಮಾನು ಇಳಿಸುವಾಗ ಅಂದಾಜಿನ 110 ಪರ್ಸೆಂಟ್‌ಗಿಂತ ಹೆಚ್ಚು ಕೇಳುವ ಹಾಗಿಲ್ಲ. ನಿಮ್ಮ 4,000 ಡಾಲರ್ ಅಂದಾಜಿಗೆ ಬಿಲ್ 5,000 ಡಾಲರ್ ಆಯಿತು ಅಂದುಕೊಳ್ಳಿ, ಅವತ್ತು 4,400 ಕೊಟ್ಟರೆ ಸಾಮಾನು ಬಿಡಲೇಬೇಕು, ಉಳಿದ 600ಕ್ಕೆ ಅವರು 30 ದಿನ ಕಾಯಬೇಕು. ಒಪ್ಪಂದ ಆದಮೇಲೆ ನೀವು ಕೇಳಿದ ಹೆಚ್ಚುವರಿ ಕೆಲಸದ ಲೆಕ್ಕ ಬೇರೆ.

ಖಾಲಿ ಲಾರಿ ಒಮ್ಮೆ, ನಿಮ್ಮ ಸಾಮಾನು ತುಂಬಿದ ಮೇಲೆ ಇನ್ನೊಮ್ಮೆ ತೂಗ್ತಾರೆ. ಬೇರೆ ಮನೆಯ ಸಾಮಾನು ಮೊದಲೇ ಇದ್ದರೆ ಅದೂ ಸೇರಿದ್ದೇ ಮೊದಲ ತೂಕ. ಎರಡರ ವ್ಯತ್ಯಾಸವೇ ನಿಮ್ಮದು. ತೂಗುವಾಗ ನಿಂತು ನೋಡುವ ಹಕ್ಕು ನಿಮಗಿದೆ, ಎರಡೂ ಚೀಟಿಯ ಪ್ರತಿ ಕೇಳಿ ಪಡೆಯಿರಿ. ಅನುಮಾನ ಬಂದರೆ ಇಳಿಸುವ ಮೊದಲೇ ಮರುತೂಕ ಕೇಳಿ, ಅದಕ್ಕೆ ದುಡ್ಡಿಲ್ಲ. ನಾನು ಕೇಳಿರಲಿಲ್ಲ. ಇಳಿಸಿದ ಮೇಲೆ ಯೋಚಿಸಿದೆ, ಆಗ ಏನೂ ಮಾಡೋಕಾಗಲಿಲ್ಲ.

ಡಲ್ಲಾಸ್_ಅಣ್ಣ:
ಒಂದೇ ಟ್ರೇಲರ್‌ನಲ್ಲಿ ಮೂರ್ನಾಲ್ಕು ಮನೆ ಸಾಮಾನು ಇರುತ್ತೆ ತಂಗಿ, ದಾರಿಯಲ್ಲಿ ಒಬ್ಬೊಬ್ಬರದು ಇಳಿಸುತ್ತಾ ಬರುತ್ತಾರೆ, ಅದಕ್ಕೇ ಒಂದೇ ದಿನ ಹೇಳಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಎಲ್ಲರೂ ಮನೆ ಬದಲಿಸುವ ಕಾಲ, ಇನ್ನೂ ಕಷ್ಟ. ಬಾಯಲ್ಲಿ ಹೇಳಿದ್ದನ್ನು ನಂಬಬೇಡ, ತಾರೀಖುಗಳು ಬಿಲ್ ಆಫ್ ಲೇಡಿಂಗ್‌ನಲ್ಲಿ (ಸಾಮಾನು ಸಾಗಿಸುವ ಒಪ್ಪಂದದ ಕಾಗದ) ಇರಲಿ. ಅತ್ತೆಗೆ ಒಂದು ಗಾಳಿ ಹಾಸಿಗೆ, ಔಷಧಿ, ಕುಕ್ಕರ್ ಕಾರಲ್ಲೇ ತಗೊಂಡು ಬಾ.

ಪುಸ್ತಕದ_ಡಬ್ಬ:
ಪುಸ್ತಕಗಳೇ ತೂಕ ಏರಿಸೋದು. ಅಂಚೆಯವರ ಮೀಡಿಯಾ ಮೇಲ್‌ನಲ್ಲಿ (ಪುಸ್ತಕದಂಥವಕ್ಕೆ ಇರುವ ಅಗ್ಗದ ಪಾರ್ಸೆಲ್) ಕಳಿಸಬಹುದು, ಒಂದು ಡಬ್ಬ 70 ಪೌಂಡ್ ದಾಟಬಾರದು ಅಷ್ಟೇ. ಇನ್ನೊಂದು ಮಾತು: ಸಾಮಾನು ಹಾಳಾದರೆ, ಬೇರೆ ದುಡ್ಡು ಕಟ್ಟದೆ ಮೂವರ್ ಕಡೆಯಿಂದ ಸಿಗುವ ಪರಿಹಾರ ಪೌಂಡಿಗೆ 60 ಸೆಂಟ್ ಮಾತ್ರ. 25 ಪೌಂಡಿನ ಗ್ರೈಂಡರ್ ಒಡೆದರೆ ಸಿಗೋದು 15 ಡಾಲರ್!

ಎಡಿಸನ್_ಮನೆ:
ತುಂಬಾ ಥ್ಯಾಂಕ್ಸ್. ನಾಳೆಯೇ ಫೋನ್ ಮಾಡಿ ವಿಡಿಯೊ ಸರ್ವೆ ಕೇಳ್ತೀನಿ. ಒಪ್ಪದಿದ್ದರೆ ಬೇರೆಯವರನ್ನು ನೋಡ್ತೀವಿ. ಗ್ರೈಂಡರ್ ಮಾತ್ರ ಕಾರಲ್ಲೇ ಬರುತ್ತೆ, ಅದು ಅಮ್ಮ ಊರಿಂದ ಹೊತ್ತು ತಂದಿದ್ದು.